ಗಾಣದ ಮುಂದೆ ಕೂತವಳು

ಓದಿದವನು ಎಂಬ ಕಾರಣಕ್ಕೆ ಒಂದು ಮನೆಯವರು ನನ್ನನ್ನು ಒಂದು ಮಾತು ಕೇಳಿದರು. ನಾನು ಹೂಂ ಅಂದೆ. ಅದಾಗಿ ಅರ್ಧ ಗಂಟೆಯೊಳಗೆ ಆ ಮನೆಯ ಮಗಳ ಕೈ ಕಬ್ಬಿನ ಗಾಣದೊಳಕ್ಕೆ ಹೋಯಿತು. ಇಷ್ಟು ವರ್ಷವಾದ ಮೇಲೂ ಆ ಅರ್ಧ ಗಂಟೆಯನ್ನು ಮತ್ತೆ ಮತ್ತೆ ಮೊದಲಿನಿಂದ ನೋಡುತ್ತೇನೆ. ಹೂಂ ಅನ್ನುವ ಜಾಗ ಹತ್ತಿರ ಬಂದ ಹಾಗೆ, ಈ ಸಲ ಬೇಡ ಅನ್ನಬೇಕು ಎಂದುಕೊಳ್ಳುತ್ತೇನೆ. ಪ್ರತಿ ಸಲವೂ ಹೂಂ ಅಂದೇ ಬಿಡುತ್ತೇನೆ.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಶಿವಮೊಗ್ಗದಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಸವಳಂಗ ರಸ್ತೆಯಲ್ಲಿ ನಮ್ಮ ಮನೆ, ಮನೆಯ ಮುಂಭಾಗದಲ್ಲೇ ಅಪ್ಪನ ಬಟ್ಟೆ ಅಂಗಡಿ. ಕಾಲೇಜಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯ ಭದ್ರಾವತಿ ಕಡೆಯ ಹಳ್ಳಿಯವನು. ಎರಡೂವರೆ ಎಕರೆ ಜಮೀನಿನ ಮನೆ. ಅವನು ಆ ಮನೆಗೆ ಒಬ್ಬನೇ ಮಗ, ಅವನಿಗಿಂತ ಎರಡು ವರ್ಷಕ್ಕೆ ದೊಡ್ಡವಳು ಅಕ್ಕ. ಅವಳನ್ನು ನಾನೂ ಅಕ್ಕ ಎಂದೇ ಕರೆಯುತ್ತಿದ್ದೆ.

ಭದ್ರಾ ನಾಲೆಯ ನೀರು ಬಂದ ಮೇಲೆ ಅವನ ಅಪ್ಪ ಭತ್ತ ಬಿಟ್ಟು ಪೂರ್ತಿ ಕಬ್ಬಿಗೆ ಇಳಿದಿದ್ದರು. ಉಣ್ಣುವ ಅಕ್ಕಿಯನ್ನು ಸಂತೆಯಿಂದ ತರುವುದೆಂದರೆ ಆ ಊರಲ್ಲಿ ನಾಚಿಕೆಯ ವಿಷಯ. ಆದರೆ ಭತ್ತ ಹೊಟ್ಟೆ ತುಂಬಿಸುತ್ತದೆ, ಕಾಲೇಜು ಓದಿಸುವುದಿಲ್ಲ ಎನ್ನುವುದು ಅವರ ಮಾತು. ಆ ಮನೆಯಲ್ಲಿ ಏನು ಬಿತ್ತಬೇಕು, ಯಾವ ಎತ್ತು ಮಾರಬೇಕು, ಹಬ್ಬಕ್ಕೆ ಯಾರಿಗೆ ಬಟ್ಟೆ, ಎಲ್ಲವೂ ತೀರ್ಮಾನವಾಗುತ್ತಿದ್ದದ್ದು ಒಂದೇ ಆಸೆಯ ಮೇಲೆ. ಮಗ ಭದ್ರಾವತಿಯ ಕಾರ್ಖಾನೆಯ ಆಫೀಸಿನಲ್ಲಿ ಕುರ್ಚಿಯ ಮೇಲೆ ಕೂರಬೇಕು. ಆಗೆಲ್ಲ ಇದು ನನಗೆ ದೊಡ್ಡ ವಿಷಯವಾಗಿ ಕಂಡಿತ್ತು. ಅಂಥ ಅಪ್ಪ ನನಗಿಲ್ಲವಲ್ಲ ಎಂದು ಅಸೂಯೆಯೂ ಆಗಿತ್ತು. ಈಗ ಅದನ್ನು ನೆನೆದರೆ ನನ್ನ ಮೇಲೆಯೇ ಹೇಸಿಗೆ.

ಆ ಕಡೆ ಬೆಲ್ಲ ಮಾಡುವ ಆಲೆಮನೆ ಕೆಲಸ ನಡೆಯುತ್ತಿದ್ದದ್ದು ಮುಯ್ಯಿಯ ಮೇಲೆ. ನಿಮ್ಮ ಆಲೆಮನೆಗೆ ನಮ್ಮಿಂದ ಇಬ್ಬರು ಬಂದರೆ, ನಮ್ಮ ಆಲೆಮನೆಗೆ ನಿಮ್ಮಿಂದ ಇಬ್ಬರು ಬರಬೇಕು. ಕೂಲಿಯಿಲ್ಲ, ಊಟ ಮಾತ್ರ. ಗೆಳೆಯ ಕಾಲೇಜಿನ ಕೊನೆಯ ವರ್ಷಕ್ಕೆ ಬಂದಾಗ ಅವನ ಅಪ್ಪ ಅವನನ್ನು ಮುಯ್ಯಿಗೆ ಕಳಿಸುವುದನ್ನು ನಿಲ್ಲಿಸಿದರು. ಪ್ಯಾಂಟು ಹಾಕುವ ಹುಡುಗ ಪಕ್ಕದ ಮನೆಯವರ ಕಬ್ಬು ಹೊರುವುದೇ? ಅವನ ಬದಲಿಗೆ ಮಗಳನ್ನು ಕಳಿಸುತ್ತೇನೆಂದರು. ಮದುವೆಯಾಗದ ಹೆಣ್ಣುಮಗಳು ಗಂಡಾಳಿನ ಮುಯ್ಯಿ ತೀರಿಸುವುದನ್ನು ಊರವರು ಒಪ್ಪಲಿಲ್ಲ. ಯಾರೂ ಜಗಳ ಮಾಡಲಿಲ್ಲ, ಇವರ ಆಲೆಮನೆಗೆ ಬರುವುದನ್ನು ಬಿಟ್ಟರು ಅಷ್ಟೇ. ಕರೆಯಲು ಹೋದಾಗ ಒಬ್ಬ ನಗುತ್ತಲೇ ಹೇಳಿದನಂತೆ: "ನಿಮ್ ಮಗ ಸಾಹೇಬ್ರಾಗ್ಲಿ ಗೌಡ್ರೆ. ಆಮೇಲೆ ಜವಾನ್ರ ಕೈಲಿ ಹೇಳಿ ಕಳ್ಸಿ, ಬರ್ತೀವಿ."

ಹೀಗಾಗಿ ಆ ವರ್ಷ ಆಳಿಲ್ಲ. ಎತ್ತಿನ ಗಾಣಕ್ಕೆ ದಿನ ಹೆಚ್ಚು ಬೇಕು, ಜನ ಹೆಚ್ಚು ಬೇಕು. ಅದಕ್ಕೆ ಭದ್ರಾವತಿಯಿಂದ ಆಯಿಲ್ ಇಂಜಿನ್ನು, ಅದರ ಜೊತೆ ಕಬ್ಬಿಣದ ಗಾಣ ಬಾಡಿಗೆಗೆ ತಂದರು. ಎರಡು ದಿನ ಇಲ್ಲಿ, ಮೂರನೆಯ ದಿನ ಇನ್ನೊಬ್ಬರ ಗದ್ದೆಯಲ್ಲಿ. ನೋಡಲು ಬಾ ಎಂದು ಗೆಳೆಯ ಕರೆದ. ಎರಡನೆಯ ದಿನ ಬೆಳಗಿನ ಬಸ್ಸಿಗೆ ನಾನು ಹೋದೆ.

ಅಲ್ಲಿ ಕೆಲಸ ಹೇಗೆ ಹಂಚಿಕೆಯಾಗಿತ್ತೆಂದು ಹೇಳಬೇಕು. ಗೆಳೆಯನ ಅಪ್ಪ ಕಬ್ಬಿನ ಹಾಲು ಕುದಿಯುವ ಕೊಪ್ಪರಿಗೆಯ ಬಳಿ, ಪಾಕದ ಹದ ಗೊತ್ತಿದ್ದದ್ದು ಅವರೊಬ್ಬರಿಗೆ. ಅಮ್ಮ ಒಲೆಗೆ ಒಣಗಿದ ಸಿಪ್ಪೆ ತಳ್ಳುತ್ತ, ನಡುವೆ ಕಬ್ಬಿನ ಹೊರೆ ತಂದು ಹಾಕುತ್ತ ಓಡಾಡುತ್ತಿದ್ದರು. ಅಕ್ಕ ಗಾಣದ ಮುಂದೆ ಮಣೆ ಹಾಕಿಕೊಂಡು ಕೂತು ಕಬ್ಬು ಕೊಡುತ್ತಿದ್ದಳು. ಗೆಳೆಯ ಅಚ್ಚಿನಿಂದ ಕಳಚಿದ ಬೆಲ್ಲವನ್ನು ಒಣಹುಲ್ಲಿನ ಮೇಲೆ ಜೋಡಿಸುತ್ತಿದ್ದ, ಅದೂ ತೋಳು ಮಡಚಿಕೊಂಡು, ಮೈಗೆ ಅಂಟದ ಹಾಗೆ. ಅಕ್ಕನ ಕೈ ಸೋತಾಗ ಅವನು ಒಮ್ಮೆ ಎದ್ದು ಗಾಣದ ಹತ್ತಿರ ಹೋದ. ಅಪ್ಪ ಅಲ್ಲಿಂದಲೇ ಗದರಿ ಕೂರಿಸಿದರು. ಬರೆಯುವ ಕೈಯನ್ನು ಗಾಣದ ಬಾಯಿಗೆ ಒಯ್ಯಬಾರದು ಎನ್ನುವುದು ಆ ಮನೆಯ ಕಟ್ಟಳೆಯಂತೆ. ನನಗೂ ಅದೇ ಮರ್ಯಾದೆ. ಹುಣಸೆಮರದ ನೆರಳಿನಲ್ಲಿ ಮಂಚ, ಕೈಯಲ್ಲಿ ಚೊಂಬು ತುಂಬ ಕಬ್ಬಿನ ಹಾಲು.

ಒಂದು ವಾರದ ಹಿಂದಷ್ಟೇ ಅಕ್ಕನ ನಿಶ್ಚಿತಾರ್ಥವಾಗಿತ್ತು. ಹುಡುಗ ಕಾರ್ಖಾನೆಯ ಕೆಲಸಗಾರ. ಅವನ ಸೋದರಮಾವ ಅಲ್ಲೇ ಸ್ವಲ್ಪ ಮೇಲಿನ ಹುದ್ದೆಯಲ್ಲಿದ್ದು, ಮದುವೆಯಾದ ಮೇಲೆ ಹುಡುಗಿಯ ತಮ್ಮನಿಗೆ ಆಫೀಸಿನಲ್ಲಿ ಒಂದು ಜಾಗ ನೋಡೋಣ ಎಂದಿದ್ದರಂತೆ. ಆ ಒಂದು ಮಾತಿನ ಮೇಲೆ ಮನೆಗೆ ಮನೆಯೇ ತೇಲುತ್ತಿತ್ತು. ನಿಶ್ಚಿತಾರ್ಥದ ದಿನ ಗಂಡಿನ ಕಡೆಯವರು ಅವಳ ಎರಡೂ ಕೈಗೆ ಮೊಣಕೈ ಹತ್ತಿರದವರೆಗೆ ಹಸಿರು ಬಳೆ ತೊಡಿಸಿ ಹೋಗಿದ್ದರು. ಯುಗಾದಿ ಕಳೆದ ಮೇಲೆ ಮದುವೆ.

ಇಂಜಿನ್ನಿನ ಜೊತೆ ಬಂದಿದ್ದ ಡ್ರೈವರು ಭದ್ರಾವತಿಯವನು, ಮನೆಮಾತು ತಮಿಳು. ಮೊದಲ ದಿನ ಅವನು ಒಬ್ಬ ಕೂಲಿಯವನನ್ನು ಜೊತೆಗೆ ತಂದಿದ್ದ, ಗಾಣಕ್ಕೆ ಕಬ್ಬು ಕೊಟ್ಟವನು ಅವನೇ. ಎರಡನೆಯ ದಿನ ಆ ಮನುಷ್ಯ ಬರಲಿಲ್ಲ. ಬೆಳಗಿನಿಂದ ಅಕ್ಕ ಕೂತಳು. ಮಧ್ಯಾಹ್ನದ ಊಟದ ಹೊತ್ತಿಗೆ ಅವಳ ಬಲಗೈಯ ನಾಲ್ಕು ಬಳೆ ಕಬ್ಬಿನ ಗಿಣ್ಣು ತಾಗಿ ಒಡೆದಿದ್ದವು. ಡ್ರೈವರು ಅದನ್ನು ನೋಡಿ ಇಂಜಿನ್ನು ನಿಲ್ಲಿಸಿದ.

"ಬಳೆ ಎಲ್ಲಾ ತೆಗೀಮ್ಮಾ," ಎಂದ. "ಎತ್ತಿನ ಗಾಣ ಅಲ್ಲ ಇದು. ಎತ್ತಾದ್ರೆ ಹೋ ಅಂದ್ರೆ ನಿಲ್ತದೆ. ಇದಕ್ಕೆ ಕಿವಿ ಇಲ್ಲ."

ಅಮ್ಮ ಒಲೆ ಬಿಟ್ಟು ಎದ್ದು ಬಂದರು. "ತೊಡಿಸಿ ಎಂಟು ದಿನ ಆಗಿಲ್ಲ, ಬರಿಗೈ ಮಾಡ್ಕೋ ಅಂತೀಯಲ್ಲೋ. ನಿನ್ ಬಾಯಿಗೆ ಮಣ್ ಹಾಕ."

ನಾಲ್ಕು ಒಡೆದದ್ದೇ ಅವರ ಮುಖವನ್ನು ಸಣ್ಣದು ಮಾಡಿತ್ತು. ಗಂಡಿನ ಮನೆಯವರು ತೊಡಿಸಿದ ಬಳೆಯನ್ನು ಕೈಯಾರೆ ತೆಗೆದರೆ ಮದುವೆ ನಿಲ್ಲುತ್ತದೆ ಎಂದು ಅವರ ಹೆದರಿಕೆ. ಮದುವೆ ನಿಂತರೆ ಮಗನ ಕುರ್ಚಿಯೂ ನಿಂತ ಹಾಗೆ. ಅವರು ಒಳಗೆ ಹೋಗಿ ಒಂದು ಹಳೆಯ ಸೀರೆ ಹರಿದು ತಂದರು. ಬಲಗೈಯಲ್ಲಿ ಉಳಿದ ಬಳೆಗಳ ಮೇಲೆ, ಮಣಿಕಟ್ಟಿನಿಂದ ಮೊಣಕೈವರೆಗೆ ಬಿಗಿಯಾಗಿ ಸುತ್ತಿ ತುದಿಯನ್ನು ಗಂಟು ಹಾಕಿದರು. ಅಕ್ಕ ತೋಳು ಎತ್ತಿ ನಮಗೆ ತೋರಿಸಿ, ಪೈಲ್ವಾನನ ಕೈ ಇದ್ದ ಹಾಗಿದೆ ನೋಡಿ ಎಂದು ನಕ್ಕಳು. ಡ್ರೈವರು ಮಾತ್ರ ನಗಲಿಲ್ಲ, ತಲೆ ಆಡಿಸಿದ. ಆಗ ಅಮ್ಮ ನನ್ನ ಕಡೆ ತಿರುಗಿದರು.

"ತಮ್ಮಾ, ನೀನು ಇದನ್ನೇ ಓದೋನು. ಬಟ್ಟೆ ಸುತ್ತಿದ್ರೆ ಏನಾಗಲ್ಲ ಅಲ್ವಾ?"

ಅದಕ್ಕೆ ಸ್ವಲ್ಪ ಹೊತ್ತಿನ ಮುಂಚೆ ನಾನು ಗೆಳೆಯನಿಗೆ ಬೆಲ್ಟು, ಚಕ್ರ, ಯಾವುದು ಎಷ್ಟು ವೇಗವಾಗಿ ತಿರುಗುತ್ತದೆ ಎಂದೆಲ್ಲ ದೊಡ್ಡ ದನಿಯಲ್ಲಿ ವಿವರಿಸಿದ್ದೆ. ಅದು ಅವರ ಕಿವಿಗೂ ಬಿದ್ದಿತ್ತು. ತಿರುಗುವ ಉರುಳೆಯ ಮುಂದೆ ಸಡಿಲ ಬಟ್ಟೆ ಇರಬಾರದೆಂದು ಕಾಲೇಜಿನ ಭೌತಶಾಸ್ತ್ರ ವಿಭಾಗದ ವರ್ಕ್‌ಷಾಪಿನ ಗೋಡೆಯ ಮೇಲೆ ಬರೆದಿತ್ತು. ಎರಡು ವರ್ಷ ದಿನವೂ ಅದನ್ನು ಓದಿಕೊಂಡೇ ಒಳಗೆ ಹೋಗುತ್ತಿದ್ದೆ. ಅದು ನೆನಪಿಗೆ ಬರಲಿಲ್ಲ ಎಂದರೆ ಸುಳ್ಳು. ನೆನಪಿಗೆ ಬಂತು. ಆ ತಾಯಿಯ ಮುಖದಲ್ಲಿದ್ದ ಆಸೆಗೆ ಅಡ್ಡ ಮಾತಾಡಲು ಸಂಕೋಚವಾಯಿತು. ಹೂಂ ಅಂದೆ. ಅಷ್ಟಕ್ಕೇ ಸುಮ್ಮನಿರದೆ, ಬಟ್ಟೆ ಇದ್ದರೆ ಗಾಜು ಒಡೆಯುವುದಿಲ್ಲ ಎಂದೂ ಸೇರಿಸಿದೆ.

ಇಂಜಿನ್ನು ಮತ್ತೆ ಶುರುವಾಯಿತು. ಡ್ರೈವರು ಬುತ್ತಿ ತೆಗೆದುಕೊಂಡು ನಾಲೆಯ ಕಡೆ ಊಟಕ್ಕೆ ಹೋದ. ಹೋಗುವಾಗ ಬೆಲ್ಟಿನ ಪಕ್ಕ ಒರಗಿಸಿದ್ದ ಉದ್ದನೆಯ ಬಿದಿರಿನ ಗಳುವನ್ನು ತೋರಿಸಿ, ಏನಾದರೂ ಆದರೆ ಇದರಲ್ಲಿ ಬೆಲ್ಟು ತಳ್ಳಿ ಬೀಳಿಸಿ, ಗಾಣ ನಿಲ್ಲುತ್ತದೆ ಎಂದು ಹೇಳಿದ. ಹೇಳಿದ್ದು ನನಗೆ. ನಾನು ಮಂಚ ಬಿಟ್ಟು ಬೆಲ್ಟಿನ ಹತ್ತಿರವೇ ನಿಂತಿದ್ದೆ.

ಬಟ್ಟೆ ಕಬ್ಬಿನ ಹಾಲಿನಲ್ಲಿ ನೆಂದು ಭಾರವಾಗುತ್ತ ಹೋಯಿತು. ಗಂಟು ಜಾರಿ ತುದಿ ಒಂದು ಗೇಣು ಜೋತುಬಿತ್ತು. ಅಕ್ಕ ಅದನ್ನು ಎರಡು ಸಲ ಎಡಗೈಯಿಂದ ಮೇಲಕ್ಕೆ ಸಿಕ್ಕಿಸಿಕೊಂಡದ್ದನ್ನು ಕಂಡೆ. ಮೂರನೆಯ ಸಲ ಅವಳು ಸಿಕ್ಕಿಸಿಕೊಳ್ಳಲಿಲ್ಲ, ಕೈಯಲ್ಲಿ ಕಬ್ಬಿತ್ತು. ಕಬ್ಬಿನ ಜೊತೆಗೆ ಬಟ್ಟೆಯ ತುದಿಯೂ ಉರುಳೆಗಳ ನಡುವೆ ಹೋಯಿತು. ಅವಳು ಕೂಗಲಿಲ್ಲ. ಮೊದಲು ಕಾಲಿನಿಂದ ಗಾಣವನ್ನು ಒದ್ದು ಕೈ ಹಿಂದಕ್ಕೆಳೆದಳು. ಬಟ್ಟೆ ಬಿಗಿಯಾಗಿ ಸುತ್ತಿದ್ದರಿಂದ ಬಿಚ್ಚಿಕೊಳ್ಳಲಿಲ್ಲ, ಹರಿಯಲೂ ಇಲ್ಲ. ಬಳೆಗಳು ಒಡೆಯುವ ಸದ್ದು ಬಂತು. ಬರಿಯ ಬಳೆಗಳಾಗಿದ್ದರೆ ಒಡೆದು ಉದುರುತ್ತಿದ್ದವು, ಕೈ ತರಚಿ ಉಳಿಯುತ್ತಿತ್ತು. ನಾವು ಬಟ್ಟೆ ಸುತ್ತಿ, ಕೈ ಒಳಗೆ ಹೋಗಲು ಹಗ್ಗ ಕಟ್ಟಿದ ಹಾಗೆ ಮಾಡಿದ್ದೆವು.

ಆಮೇಲೆ ಕೂಗಿದಳು.

ಬಿದಿರಿನ ಗಳು ನನ್ನ ಮೊಣಕಾಲಿಗೆ ತಾಗಿಕೊಂಡಿತ್ತು. ನಾನು ಅದನ್ನು ಮುಟ್ಟಲಿಲ್ಲ. ಕಣ್ಣಿಗೆ ಎಲ್ಲವೂ ಕಾಣುತ್ತಿತ್ತು, ತಿರುಗುವ ಬೆಲ್ಟಿನ ಹೊಲಿಗೆ ಕೂಡ. ಕೈ ಮಾತ್ರ ಏಳಲಿಲ್ಲ. ಗೆಳೆಯ ಬೆಲ್ಲ ಬಿಟ್ಟು ಓಡಿಬಂದು ಅಕ್ಕನ ತೋಳು ಹಿಡಿಯಲು ಬಾಗಿದ. ಆಗ ಕೊಪ್ಪರಿಗೆಯ ಕಡೆಯಿಂದ ಅಪ್ಪನ ದನಿ ಬಂತು.

"ಮಗಾ, ನೀ ಕೈ ಹಾಕ್‌ಬ್ಯಾಡ!"

ಗೆಳೆಯ ಕೈ ಹಿಂದಕ್ಕೆ ತೆಗೆದುಕೊಂಡ. ನನ್ನ ಕಣ್ಣಿನಿಂದ ಇವತ್ತಿಗೂ ಹೋಗದೆ ಉಳಿದಿರುವುದು ಅದು. ರಕ್ತಕ್ಕಿಂತ ಹೆಚ್ಚಾಗಿ ಅದು. ಚಾಚಿದ ಕೈ, ಅಪ್ಪನ ಮಾತು ಕೇಳಿ, ಬೆರಳು ಮಡಚಿಕೊಂಡು ಹಿಂದಕ್ಕೆ ಬಂದದ್ದು.

ಗಳು ಎತ್ತಿದ್ದು ಅಮ್ಮ. ಒಲೆಯ ಬಳಿಯಿಂದ ಓಡಿಬಂದು, ನನ್ನನ್ನು ಪಕ್ಕಕ್ಕೆ ತಳ್ಳಿ, ಬೆಲ್ಟನ್ನು ಬೀಳಿಸಿದರು. ಗಾಣ ನಿಂತಿತು. ನಾಲೆಯಿಂದ ಓಡಿಬಂದ ಡ್ರೈವರು ಉರುಳೆಯ ಚಕ್ರವನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ ಅಕ್ಕನ ಕೈ ಬಿಡಿಸಿದ. ತಿರುಗಿಸುತ್ತ ತನ್ನ ಭಾಷೆಯಲ್ಲಿ ಬೈಯುತ್ತಿದ್ದ. ಯಾರನ್ನು ಬೈಯುತ್ತಿದ್ದನೋ, ನನ್ನನ್ನೇ ಎಂದು ನನಗೆ ಅನಿಸಿತು. ಅಷ್ಟೂ ಹೊತ್ತು ಅಪ್ಪ ಕೊಪ್ಪರಿಗೆ ಬಿಟ್ಟು ಬರಲಿಲ್ಲ. ಪಾಕ ಹದಕ್ಕೆ ಬಂದಿತ್ತು, ಬಿಟ್ಟರೆ ತಳ ಹಿಡಿದು ಹಾಳಾಗುತ್ತಿತ್ತು. ಮಗಳ ಕಡೆ ನೋಡುತ್ತ, ಅಳುತ್ತ, ಒಂದೇ ಸಮನೆ ಮರದ ಹುಟ್ಟು ತಿರುವುತ್ತಿದ್ದರು. ಅತ್ತದ್ದು ನಿಜ. ತಿರುವಿದ್ದೂ ನಿಜ.

ರಸ್ತೆಯಲ್ಲಿ ಭದ್ರಾವತಿಗೆ ಮರದ ದಿಮ್ಮಿ ಒಯ್ಯುತ್ತಿದ್ದ ಒಂದು ಲಾರಿ ಸಿಕ್ಕಿತು. ಅಮ್ಮ, ಗೆಳೆಯ, ನಾನು ಅಕ್ಕನನ್ನು ಹತ್ತಿಸಿಕೊಂಡು ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಅವಳ ತಲೆ ಅಮ್ಮನ ತೊಡೆಯ ಮೇಲಿತ್ತು. ಮದುವೆಗೆ ಏನೂ ತೊಂದರೆ ಇಲ್ಲವಲ್ಲ ಅಮ್ಮಾ ಎಂದು ಎರಡು ಸಲ ಕೇಳಿದಳು. ಇಲ್ಲ ಮಗಳೇ ಎಂದು ಅಮ್ಮ ಎರಡು ಸಲವೂ ಹೇಳಿದರು. ಹೆಬ್ಬೆರಳು ಮತ್ತು ಕಿರುಬೆರಳು ಉಳಿದವು. ನಡುವಿನ ಮೂರು ಹೋದವು.

ಅಪ್ಪ ಬಂದದ್ದು ಸಂಜೆ. ಮೈಯಿಂದ ಪಾಕದ ವಾಸನೆ ಬರುತ್ತಿತ್ತು. ಮಂಚದ ಬಳಿ ನಿಂತು ಮಗಳ ಹಣೆ ಸವರಿದರು. ಆಮೇಲೆ ನಮ್ಮನ್ನು ಹೊರಗೆ ಕರೆದು, ಗಂಡಿನ ಕಡೆಯವರಿಗೆ ಈಗಲೇ ತಿಳಿಯುವುದು ಬೇಡ, ಗಾಯ ಮಾಯಲಿ ಎಂದರು. ಗಾಣದ ಕೆಳಗಿನ ತೊಟ್ಟಿಯಲ್ಲಿದ್ದ, ರಕ್ತ ಬಿದ್ದ ಕಬ್ಬಿನ ಹಾಲು ಏನಾಯಿತು ಎಂದು ಅಮ್ಮ ಕೇಳಿದರು. ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ಅಪ್ಪ ನೆಲ ನೋಡುತ್ತ ಹೇಳಿದರು.

"ಚೆಲ್ಲೋಕಾಗ್ತದಾ? ಸೋಸಿ ಹಾಕ್ದೆ. ಕುದ್ದ ಮೇಲೆ ಎಲ್ಲಾ ಒಂದೇ."

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಬಯ್ಯಲಿಲ್ಲ. ಆಮೇಲೆ, ಅಚ್ಚು ಎಷ್ಟು ಬಂತು ಎಂದು ಕೇಳಿದರು.

ಹತ್ತು ದಿನದ ಮೇಲೆ ಗೆಳೆಯನ ಅಪ್ಪ ಸವಳಂಗ ರಸ್ತೆಯ ನಮ್ಮ ಮನೆ ಹುಡುಕಿಕೊಂಡು ಬಂದರು. ಆಸ್ಪತ್ರೆಗೆ ಜೊತೆಗೆ ಬಂದೆನಲ್ಲ, ಅದರ ಉಪಕಾರಕ್ಕೆ ಅಡಿಕೆ ಹಾಳೆಯಲ್ಲಿ ಕಟ್ಟಿದ ನಾಲ್ಕು ಅಚ್ಚು ಬೆಲ್ಲ ತಂದಿದ್ದರು. ನನ್ನ ಅಮ್ಮ ಅದರ ಬಣ್ಣ ಹೊಗಳಿದರು. ಅದು ಯಾವ ಕೊಪ್ಪರಿಗೆಯದು ಎಂದು ನಾನು ಕೇಳಲಿಲ್ಲ, ಮನೆಯವರಿಗೆ ಏನೂ ಹೇಳಲೂ ಇಲ್ಲ. ಎರಡು ದಿನ ಬಿಟ್ಟು ಹೆಸರುಬೇಳೆ ಪಾಯಸವಾಯಿತು. ಎಲ್ಲರೂ ಉಂಡರು. ನಾನು ಎಲೆ ಬಿಟ್ಟು ಎದ್ದು ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡೆ. ಜ್ವರ ಎಂದೆ. ಆ ಬೆಲ್ಲದ ಉಳಿದ ಅಚ್ಚುಗಳೆಲ್ಲ ಶಿವಮೊಗ್ಗದ ಪೇಟೆಯಲ್ಲಿ ಮಾರಾಟವಾದವು. ಎಷ್ಟು ಮನೆಯ ಹಬ್ಬಕ್ಕೆ ಹೋದವೋ.

ಗಾಯ ಮಾಯುವವರೆಗೆ ಸುದ್ದಿ ಕಾಯಲಿಲ್ಲ. ಡ್ರೈವರು ಇದ್ದ ಬೀದಿಯಲ್ಲೇ ಗಂಡಿನ ಕಡೆಯ ನೆಂಟರೊಬ್ಬರಿದ್ದರು. ಸೋದರಮಾವ ಒಂದು ಭಾನುವಾರ ಬಂದು, ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಕೈ ತೋರಿಸಮ್ಮ ಎಂದರಂತೆ. ಅಕ್ಕ ಕಟ್ಟು ಬಿಚ್ಚಿ ತೋರಿಸಿದಳಂತೆ. ಹುಡುಗಿ ಒಳ್ಳೆಯವಳೇ, ಆದರೆ ರೊಟ್ಟಿ ತಟ್ಟುವ ಕೈಯಲ್ಲವೇ ಎಂದು ಹೇಳಿ, ಬಹಳ ವಿನಯದಿಂದ ಕೈ ಮುಗಿದು ಎದ್ದರಂತೆ. ಇದನ್ನೆಲ್ಲ ನನಗೆ ಹೇಳಿದ್ದು ಗೆಳೆಯ, ಕಾಲೇಜಿನ ಜಗಲಿಯ ಮೇಲೆ. ಅಕ್ಕ ಹೇಗಿದ್ದಾಳೆ ಎಂದು ಕೇಳಿದೆ.

"ಅವಳ್ದು ಬಿಡು, ಇದ್ದಾಳೆ," ಎಂದ. "ನನ್ ಕೆಲ್ಸಾನೂ ಹೋಯ್ತಲ್ಲ ಮಾರಾಯ."

ನಾನು ಅವನ ಕೈಯನ್ನೇ ನೋಡಿದೆ. ಬಲಗೈಯ ಮಧ್ಯದ ಬೆರಳಿನಲ್ಲಿ ಶಾಯಿಯ ಕಲೆ ಇತ್ತು. ಆ ದಿನದಿಂದ ಅವನ ಪಕ್ಕ ಕೂರಲು ಆಗಲಿಲ್ಲ, ಹಿಂದಿನ ಬೆಂಚಿಗೆ ಹೋದೆ. ಏನೋ ದೊಡ್ಡ ಶಿಕ್ಷೆ ಕೊಟ್ಟ ಹಾಗೆ ಅಂದುಕೊಂಡಿದ್ದೆ. ಬಿದಿರಿನ ಗಳು ಮುಟ್ಟದ ನನ್ನ ಕೈಗೆ ಯಾವ ಬೆಂಚು?

ಮುಂದಿನ ವರ್ಷ ನಾನು ಪರೀಕ್ಷೆ ಮುಗಿಸಿ ಶಿವಮೊಗ್ಗದ ಒಂದು ಹೈಸ್ಕೂಲಿನಲ್ಲಿ ಮೇಷ್ಟರಾಗಿದ್ದೆ. ಆಲೆಮನೆ ಕಾಲ ಬಂದಾಗ, ಅಕ್ಕನನ್ನು ಒಮ್ಮೆ ನೋಡಿ ತಪ್ಪಾಯಿತು ಎಂದಾದರೂ ಹೇಳೋಣ ಎಂದು ಆ ಹಳ್ಳಿಗೆ ಹೋದೆ. ದೂರದಿಂದಲೇ ಇಂಜಿನ್ನಿನ ಸದ್ದು ಕೇಳಿತು. ಈ ಸಲ ಅದು ಬಾಡಿಗೆಯದಲ್ಲ. ಅಕ್ಕನ ಮದುವೆಗೆಂದು ಎತ್ತಿಟ್ಟಿದ್ದ ಬಂಗಾರ ಮಾರಿ ಅವರೇ ಇಂಜಿನ್ನು, ಗಾಣ ಎರಡನ್ನೂ ಕೊಂಡಿದ್ದರು. ಇನ್ನು ಅಕ್ಕಪಕ್ಕದ ಊರಿಗೂ ಬಾಡಿಗೆಗೆ ಕೊಡಬಹುದು, ಮಗನಿಗೆ ಬೇರೆ ಯಾವುದಾದರೂ ದಾರಿಯಲ್ಲಿ ಕೆಲಸ ಹಿಡಿಯಬಹುದು ಎನ್ನುವುದು ಹೊಸ ಯೋಚನೆ. ಗೆಳೆಯ ಊರಲ್ಲಿರಲಿಲ್ಲ, ಅರ್ಜಿ ಕೊಡಲು ಮೈಸೂರಿಗೆ ಹೋಗಿದ್ದ.

ಗಾಣದ ಮುಂದೆ ಅಕ್ಕ ಕೂತಿದ್ದಳು.

ಎಡಗೈಯಿಂದ ಕಬ್ಬು ಎತ್ತಿ, ಬಲಗೈಯ ಹೆಬ್ಬೆರಳು ಕಿರುಬೆರಳಿನ ನಡುವೆ ಇಟ್ಟು ಒಳಕ್ಕೆ ನೂಕುತ್ತಿದ್ದಳು. ನನ್ನನ್ನು ಕಂಡು ತಲೆ ಆಡಿಸಿದಳು. ಚೆನ್ನಾಗಿದ್ದೀರಾ ಎಂದಳು, ಊಟ ಮಾಡಿಕೊಂಡೇ ಹೋಗಿ ಎಂದಳು. ಕೆಲಸ ನಿಲ್ಲಿಸಲಿಲ್ಲ. ನಾನು ಹೇಳಲು ಬಂದ ಮಾತು ಆ ಸದ್ದಿನಲ್ಲಿ ಹೇಳುವಂಥದ್ದಾಗಿರಲಿಲ್ಲ.

ಕೊಪ್ಪರಿಗೆಯ ಬಳಿ ಇದ್ದ ಅವಳ ಅಪ್ಪನ ಹತ್ತಿರ ಹೋದೆ. ಜೀವನದಲ್ಲಿ ಮೊದಲ ಬಾರಿ ಹಿರಿಯರೊಬ್ಬರ ಮುಂದೆ ದನಿ ಎತ್ತಿದೆ. ಮತ್ತೆ ಅವಳನ್ನೇ ಕೂರಿಸಿದ್ದೀರಲ್ಲ, ನಿಮಗೆ ಏನೂ ಅನಿಸುವುದಿಲ್ಲವೇ ಎಂದೆ. ಅವರಿಗೆ ಸಿಟ್ಟು ಬರಲಿಲ್ಲ. ಹುಟ್ಟು ತಿರುವುತ್ತಲೇ ನನ್ನನ್ನು ನೋಡಿದರು. ಒಂದು ವರ್ಷದಲ್ಲಿ ಬಹಳ ಮುದುಕರಾಗಿದ್ದರು.

"ಮುಯ್ಯಿ ಆಳು ಬರಲ್ಲ. ಕೂಲಿ ಕೊಟ್ಟು ಕರೆದ್ರೆ ನಮಗೇನೂ ಉಳಿಯೋದಿಲ್ಲ. ಇವಳಮ್ಮನ ಕಣ್ಣು ಮಂಜು. ಮತ್ಯಾರನ್ನ ಕೂರಿಸ್ಲಿ ಹೇಳಿ?" ಎಂದರು. ಆಮೇಲೆ, ಚುಚ್ಚಬೇಕೆಂದಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳುವ ಹಾಗೆ ಕೇಳಿದರು: "ನೀವು ಕೂರ್ತೀರಾ?"

ಅಕ್ಕ ಗಾಣದ ಮುಂದಿನಿಂದ ತಿರುಗಿ ನೋಡಿದಳು. ಅವಳಿಗೂ ಉತ್ತರ ಬೇಕಾಗಿತ್ತೋ ಏನೋ. ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ನಾನು ಚಪ್ಪಲಿ ಮೆಟ್ಟಿಕೊಂಡೆ. ಬಸ್ಸಿಗೆ ಇನ್ನೂ ಎರಡು ಗಂಟೆಯಿತ್ತು.